ಕಳೆದ ಮೇಲೂ ಉಳಿಯುವ ಅನುಮಾನ

ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ವಿಕಿರಣವನ್ನು ಎಣಿಸುವ ಗೈಗರ್ ಕೌಂಟರ್ ಇಟ್ಟು, ಅದು ಟಿಕ್‌ಗುಟ್ಟಿದ ಕೂಡಲೇ ಕ್ಯಾನ್ಸರ್ ಎಂದು ಹೆದರಿಸುವ ವಿಡಿಯೊಗಳಿವೆ. ಅದೇ ಉಪಕರಣ ಅಂಗಳದಲ್ಲಿ ಎಷ್ಟು ಎಣಿಸಿತ್ತು ಎಂಬುದನ್ನು ಮಾತ್ರ ಯಾರೂ ತೋರಿಸುವುದಿಲ್ಲ. ಎಲ್ಲಿಟ್ಟರೂ ಅದು ಟಿಕ್‌ಗುಟ್ಟುತ್ತದೆ. ನೆಲದಲ್ಲಿ ಯುರೇನಿಯಂ, ಥೋರಿಯಂ, ಗಾಳಿಯಲ್ಲಿ ರೇಡಾನ್, ಮೇಲಿನಿಂದ ವಿಶ್ವಕಿರಣ. ಹೆದರಿಸುವವರ ದೇಹದೊಳಗೇ ಸೆಕೆಂಡಿಗೆ ಸುಮಾರು 4,000 ವಿಕಿರಣಶೀಲ ಪೊಟ್ಯಾಸಿಯಂ-40 ಪರಮಾಣುಗಳು ವಿಕಿರಣ ಸೂಸಿ ಕ್ಷಯಿಸುತ್ತಿರುತ್ತವೆ!

ಎಲ್ಲೆಡೆ ಇದ್ದೇ ಇರುವ ಈ ಹಿನ್ನೆಲೆ ಎಣಿಕೆಯನ್ನು ಕಳೆಯಬೇಕು, ಸರಿ. ತುಪ್ಪ ತೂಗುವಾಗ ಪಾತ್ರೆಯ ತೂಕ ಕಳೆಯುವುದಿಲ್ಲವೇ? ಆದರೆ ಇಲ್ಲಿ ತೂಗಿದಾಗಲೆಲ್ಲ ಪಾತ್ರೆಯ ತೂಕವೂ ಬದಲಾಗುತ್ತದೆ, ತುಪ್ಪದ್ದೂ ಬದಲಾಗುತ್ತದೆ. ಯಾವ ಪರಮಾಣು ಯಾವ ಗಳಿಗೆಯಲ್ಲಿ ಕ್ಷಯಿಸುತ್ತದೆ ಎಂಬುದಕ್ಕೆ ವೇಳಾಪಟ್ಟಿಯಿಲ್ಲ. 1910ರಲ್ಲಿ ಭೌತವಿಜ್ಞಾನಿಗಳಾದ ರುದರ್‌ಫೋರ್ಡ್ ಮತ್ತು ಗೈಗರ್, ಕ್ಷಯಿಸುವ ಪರಮಾಣುಗಳಿಂದ ಹೊರಬೀಳುವ ಆಲ್ಫಾ ಕಣಗಳು ಪರದೆಗೆ ಬಡಿದು ಮೂಡಿಸುವ ಮಿನುಗುಗಳನ್ನು ಏಳೂವರೆ ಸೆಕೆಂಡುಗಳ 2,608 ಅವಧಿಗಳಲ್ಲಿ ಎಣಿಸಿದರು. ಸರಾಸರಿ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಆದರೂ 57 ಅವಧಿಗಳಲ್ಲಿ ಒಂದು ಮಿನುಗೂ ಇಲ್ಲ, ಕೆಲವದರಲ್ಲಿ ಹತ್ತು! ಈ ಏರಿಳಿತ, ಆಕಸ್ಮಿಕ ಘಟನೆಗಳ ಎಣಿಕೆಯನ್ನು ವಿವರಿಸುವ ಪ್ವಾಸೋನ್ ಸೂತ್ರಕ್ಕೆ ಚೆನ್ನಾಗಿ ಹೊಂದಿಕೊಂಡಿತು. ಆ ಸೂತ್ರದ ಸಾರ ಇಷ್ಟೇ: ಎಣಿಕೆ ಎಷ್ಟೋ, ಅದರ ವರ್ಗಮೂಲದಷ್ಟು ಅನಿಶ್ಚಿತತೆ.

ಅಂಗಳದಲ್ಲಿ ಹತ್ತು ನಿಮಿಷಕ್ಕೆ 200, ಕಟ್ಟೆಯ ಮೇಲೆ 240 ಎಣಿಕೆ ಬಂತು ಎನ್ನೋಣ. ವ್ಯತ್ಯಾಸ 40. ಎಣಿಕೆಗಳನ್ನು ಒಂದರಿಂದೊಂದು ಕಳೆದರೂ ಅವುಗಳ ಅನಿಶ್ಚಿತತೆಗಳು ಕಳೆದುಹೋಗುವುದಿಲ್ಲ, ಸೇರಿಕೊಳ್ಳುತ್ತವೆ: 240 ಮತ್ತು 200ರ ಮೊತ್ತ 440, ಅದರ ವರ್ಗಮೂಲ 21. ಅಂದರೆ ಉತ್ತರ 40 ± 21. ವ್ಯತ್ಯಾಸ ಅನಿಶ್ಚಿತತೆಯ ಎರಡು ಪಟ್ಟೂ ಇಲ್ಲ; ಇಷ್ಟರಿಂದ ಕಟ್ಟೆಯನ್ನು ದೂರುವಂತಿಲ್ಲ. ನೂರು ನಿಮಿಷ ಕಾದು 2,000 ಮತ್ತು 2,400 ಬಂದರೆ ಉತ್ತರ 400 ± 66. ವ್ಯತ್ಯಾಸ ಅನಿಶ್ಚಿತತೆಯ ಆರು ಪಟ್ಟು; ಈಗ ಕಲ್ಲಿನಲ್ಲಿ ಏನೋ ಇದೆ ಎನ್ನಬಹುದು. ಅದು ಅಪಾಯವೇ ಎಂಬುದು ಬೇರೆಯದೇ ಪ್ರಶ್ನೆ. ಕಾಯುವುದೂ ಅಗ್ಗವಲ್ಲ: ಸಾಪೇಕ್ಷ ಅನಿಶ್ಚಿತತೆಯನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಸಮಯ ಬೇಕು.

ಹುಡುಕುವ ಸಂಕೇತ ತೀರಾ ಅಪರೂಪದ್ದಾದರೆ ಕಾದೂ ಪ್ರಯೋಜನವಿಲ್ಲ, ಹಿನ್ನೆಲೆಯನ್ನೇ ತಗ್ಗಿಸಬೇಕು. ಕೋಲಾರದ ಚಿನ್ನದ ಗಣಿಗೆ ವಿಜ್ಞಾನಿಗಳು ಇಳಿದದ್ದು ಅದಕ್ಕಾಗಿಯೇ. ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಿಶ್ವಕಿರಣಗಳಿಂದ ಹುಟ್ಟುವ ಮ್ಯುಯಾನ್ ಎಂಬ ಕಣಗಳನ್ನು ಮೇಲಿನ ಬಂಡೆಯೇ ಬಹುಮಟ್ಟಿಗೆ ತಡೆಯುತ್ತಿತ್ತು. ಆ ಬಂಡೆಯೂ ಅಷ್ಟಿಷ್ಟು ವಿಕಿರಣಶೀಲವೇ; ಹಾಗಾಗಿ ಎರಡೂ ಬದಿಯ ಶೋಧಕಗಳು ಒಟ್ಟಿಗೆ ಮಿಡಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. 1965ರಲ್ಲಿ ಅಲ್ಲಿ, ವಾತಾವರಣದಲ್ಲಿ ಹುಟ್ಟಿದ, ಬಂಡೆಯನ್ನೂ ಹಾದುಹೋಗಬಲ್ಲ ನ್ಯೂಟ್ರಿನೊ ಎಂಬ ಕಣಗಳ ಗುರುತು ಸಿಕ್ಕಿತು. ಸಿಕ್ಕ ಘಟನೆಗಳು ಬೆರಳೆಣಿಕೆಯಷ್ಟು.