ಅಂದದ ಮುಖ ಬೇರೆ, ಹೋಲುವ ಮುಖ ಬೇರೆ

ಜರ್ಮನಿಯ ನ್ಯೂರೆಂಬರ್ಗ್ ಊರಿನ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1500ರಲ್ಲಿ ತನ್ನದೇ ಚಿತ್ರವೊಂದನ್ನು ಬರೆದ. ಆಗ ಅವನಿಗೆ 28 ವರ್ಷ. ಚಿತ್ರ ಈಗ ಮ್ಯೂನಿಕ್‌ನ ಆಲ್ಟೆ ಪಿನಾಕೊಥೆಕ್ ಸಂಗ್ರಹಾಲಯದಲ್ಲಿದೆ. ಮುಖ ನೇರವಾಗಿ ನಮ್ಮನ್ನೇ ನೋಡುತ್ತದೆ. ಕೂದಲು ಎರಡೂ ಭುಜಗಳ ಮೇಲೆ ಹೆಚ್ಚುಕಮ್ಮಿ ಒಂದೇ ತರಹ ಇಳಿದಿದೆ. ಎಡ ಬಲ ಎರಡನ್ನೂ ಅಳೆದು ಬರೆದಂತಿದೆ. ಆ ಕಾಲದ ಯುರೋಪಿನಲ್ಲಿ ಭಾವಚಿತ್ರ ಅಂದರೆ ಸಾಮಾನ್ಯವಾಗಿ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿರುತ್ತಿತ್ತು. ಹೀಗೆ ನೇರ ಎದುರಿನಿಂದ ಬರೆಯುತ್ತಿದ್ದದ್ದು ಹೆಚ್ಚಾಗಿ ಯೇಸುವನ್ನು. ಡ್ಯೂರರ್‌ಗೆ ಇದು ಚೆನ್ನಾಗಿ ಗೊತ್ತಿತ್ತು.

1514ರ ಮಾರ್ಚ್‌ನಲ್ಲಿ ಅವನು ತನ್ನ ಅಮ್ಮನನ್ನು ಇದ್ದಿಲಿನಲ್ಲಿ ಬರೆದ. 63 ವರ್ಷದ ಬಾರ್ಬರಾ, 18 ಮಕ್ಕಳನ್ನು ಹೆತ್ತಾಕೆ. ಹಣೆ ತುಂಬಾ ಸುಕ್ಕು, ಒಣಗಿದ ಕೆನ್ನೆ, ಎದ್ದು ಕಾಣುವ ಕೊರಳ ಮೂಳೆ. ಎರಡು ಕಣ್ಣೂ ಒಂದೇ ಕಡೆ ನೋಡುತ್ತಿಲ್ಲ. ಮಗ ಅದನ್ನು ತಿದ್ದಲು ಹೋಗಲಿಲ್ಲ. ಎರಡು ತಿಂಗಳಲ್ಲಿ ಆಕೆ ತೀರಿಕೊಂಡರು. ನಾವು ಆಕೆಯನ್ನು ಕಂಡವರಲ್ಲ. ಆದರೂ ಆ ಚಿತ್ರ ನೋಡಿದರೆ ಆಕೆ ಥೇಟ್ ಹೀಗೇ ಇದ್ದಿರಬೇಕು ಅನ್ನಿಸುತ್ತದೆ. ಡ್ಯೂರರ್‌ನ ಆ ಅಂದದ ಚಿತ್ರ ನೋಡುವಾಗ ನನಗೆ ಅಷ್ಟು ಖಾತ್ರಿ ಬರುವುದಿಲ್ಲ.

ಯಾಕೆ ಹೀಗೆ? ಮೊದಲು ಅಂದದ ವಿಷಯ ನೋಡೋಣ. 1878ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಹಲವು ಅಪರಾಧಿಗಳ ಫೋಟೊಗಳನ್ನು ಒಂದರ ಮೇಲೊಂದು ಮೂಡಿಸಿದ. ಹೀಗೆ ಮಾಡಿದರೆ ಅಪರಾಧಿಯ ಮಾದರಿ ಮುಖ ಸಿಗುತ್ತದೆ ಅಂತ ಅವನ ಲೆಕ್ಕ. ಆದರೆ ಮೂಡಿ ಬಂದದ್ದು ಆ ಒಬ್ಬೊಬ್ಬರಿಗಿಂತಲೂ ಚೆಂದದ ಮುಖ! 1990ರಲ್ಲಿ ಅಮೆರಿಕದ ಜುಡಿತ್ ಲ್ಯಾಂಗ್ಲಾಯ್ ಮತ್ತು ಲೋರಿ ರಾಗ್‌ಮನ್ ಇದನ್ನೇ ಕಂಪ್ಯೂಟರಿನಲ್ಲಿ ಮಾಡಿದರು. 16 ಅಥವಾ 32 ಮುಖಗಳನ್ನು ಬೆರೆಸಿದ ಚಿತ್ರಕ್ಕೆ ಜನ ಬಿಡಿ ಮುಖಗಳಿಗಿಂತ ಜಾಸ್ತಿ ಅಂಕ ಕೊಟ್ಟರು. ಬೆರೆಸಿದಾಗ ಒಬ್ಬರ ಸೊಟ್ಟ ಮೂಗು, ಇನ್ನೊಬ್ಬರ ಏರಿದ ಹುಬ್ಬು ಎಲ್ಲ ಕರಗಿಹೋಗುತ್ತವೆ. ಎಡಬಲವೂ ತಾನಾಗಿ ಸಮವಾಗುತ್ತದೆ.

ಎಡಬಲ ಸಮ ಇದ್ದರೆ ಸಾಕು, ಚೆಂದ ಅನ್ನಬಹುದೇ? ಅರ್ಧ ಮುಖದ ಪಕ್ಕ ಅದೇ ಅರ್ಧವನ್ನು ಮಗುಚಿ ಜೋಡಿಸಿದ ಚಿತ್ರಗಳನ್ನು ನೀವು ನೋಡಿರಬಹುದು. ಅವು ವಿಚಿತ್ರವಾಗಿ ಕಾಣುತ್ತವೆ. ನಡುಗೆರೆ ಕೂದಲೆಳೆಯಷ್ಟು ಆಚೀಚೆ ಆದರೂ ಮೂಗು ದಪ್ಪಗಾಗುತ್ತದೆ, ಇಲ್ಲವೇ ಸಣ್ಣಗಾಗುತ್ತದೆ. ಮೊದಮೊದಲ ಪ್ರಯೋಗಗಳು ಎಡವಿದ್ದು ಇಲ್ಲಿಯೇ. ಆಮೇಲೆ ಇಡೀ ಮುಖವನ್ನು ಅದರ ಕನ್ನಡಿ ರೂಪದ ಜೊತೆ ಬೆರೆಸಿ ನೋಡಿದರು. ಆಗ ಸಮ ಮುಖವನ್ನೇ ಜನ ಹೆಚ್ಚು ಮೆಚ್ಚಿದರು. ಅಂದ ಮಾತ್ರಕ್ಕೆ ಸಮ ಮುಖದವರು ಆರೋಗ್ಯವಂತರು ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. 2014ರಲ್ಲಿ ಇಂಗ್ಲೆಂಡಿನ 4,700ಕ್ಕೂ ಹೆಚ್ಚು ಹದಿಹರೆಯದವರ ಮುಖಗಳನ್ನು ಅಳೆದಾಗ, ಬಾಲ್ಯದ ಕಾಯಿಲೆಗೂ ಮುಖದ ಓರೆಕೋರೆಗೂ ಸಂಬಂಧ ಕಾಣಲಿಲ್ಲ.

ಹೋಲಿಕೆಯ ದಾರಿ ಇದಕ್ಕೆ ಪೂರ್ತಿ ಉಲ್ಟಾ. ನೋಡಿದ ಮುಖಗಳಿಂದಲೇ ನಮ್ಮ ಮಿದುಳು ಒಂದು ಸರಾಸರಿ ಮುಖವನ್ನು ಕಟ್ಟಿಕೊಂಡಿರುತ್ತದೆ. ಒಬ್ಬೊಬ್ಬರ ಮುಖ ಅದರಿಂದ ಎಲ್ಲೆಲ್ಲಿ, ಎಷ್ಟೆಷ್ಟು ಸರಿದಿದೆ ಅನ್ನುವುದು ಗುರುತಿಗೆ ಮುಖ್ಯ. 1987ರಲ್ಲಿ ಗಿಲಿಯನ್ ರೋಡ್ಸ್ ಮತ್ತು ಸಂಗಡಿಗರು ಪರಿಚಿತರ ರೇಖಾಚಿತ್ರಗಳಲ್ಲಿ ಈ ವ್ಯತ್ಯಾಸವನ್ನು ಬೇಕೆಂದೇ ಹಿಗ್ಗಿಸಿದರು. ಹಿಗ್ಗಿಸಿದ ಚಿತ್ರವನ್ನು ಜನ ಸರಿಯಾದ ಚಿತ್ರಕ್ಕಿಂತ ಬೇಗ ಗುರುತಿಸಿದರು. ಪತ್ರಿಕೆಯ ವ್ಯಂಗ್ಯಚಿತ್ರದಲ್ಲಿ ರಾಜಕಾರಣಿ ಯಾರು ಅಂತ ತಟ್ಟನೆ ಹೊಳೆಯುವುದು ಹೀಗೆಯೇ. ಬಾರ್ಬರಾ ಅವರ ಕಣ್ಣನ್ನು ಮಗ ನೇರ ಮಾಡಿಬಿಟ್ಟಿದ್ದರೆ ಆಕೆಯ ಗುರುತಿನ ದೊಡ್ಡ ಪಾಲೇ ಅಳಿಸಿಹೋಗುತ್ತಿತ್ತು.

ಡ್ಯೂರರ್ ಈ ಸರಿದಾಟವನ್ನು ಅಳೆಯಲೂ ಹೊರಟಿದ್ದ. ಮನುಷ್ಯದೇಹದ ಅಳತೆಗಳ ಬಗ್ಗೆ ಅವನು ಬರೆದ ಪುಸ್ತಕ 1528ರಲ್ಲಿ, ಅವನು ತೀರಿಕೊಂಡ ಕೆಲವೇ ತಿಂಗಳಿಗೆ ಹೊರಬಂತು. ಅದರಲ್ಲಿ ಮುಖದ ಮೇಲೆ ಅಡ್ಡ ಗೆರೆ, ಉದ್ದ ಗೆರೆ ಎಳೆದಿದ್ದಾನೆ. ಒಂದು ಗೆರೆ ಸರಿಸಿದರೆ ಹಣೆ ಉದ್ದವಾಗುತ್ತದೆ, ಇನ್ನೊಂದು ಸರಿಸಿದರೆ ಗದ್ದ ಒಳಹೋಗುತ್ತದೆ, ಪ್ರತಿ ಸಲವೂ ಹೊಸ ಮನುಷ್ಯ ಹುಟ್ಟುತ್ತಾನೆ. ಇಷ್ಟೆಲ್ಲ ಅಳೆದವನೇ, ಸೌಂದರ್ಯ ಅಂದರೆ ಏನು ಅಂತ ತನಗೆ ಗೊತ್ತಿಲ್ಲ ಎಂದೂ ಬರೆದಿಟ್ಟಿದ್ದಾನೆ. ಅವನ ಮೇಲೆ ನನಗಿರುವ ಗೌರವ ಆ ಮಾತಿನಿಂದ ಇನ್ನೂ ಹೆಚ್ಚಿತು.

ಹೋಲಿಕೆಗೆ ಇನ್ನೊಂದು ತೊಡಕಿದೆ. ಅದು ಕನ್ನಡಿಯದು. 1484ರಲ್ಲಿ, ಇನ್ನೂ ಹುಡುಗನಾಗಿದ್ದಾಗ ಬರೆದ ತನ್ನ ಚಿತ್ರದ ಮೇಲೆ, ಕನ್ನಡಿ ನೋಡಿ ಬರೆದದ್ದು ಎಂದು ಡ್ಯೂರರ್ ನಮೂದಿಸಿದ್ದಾನೆ. ಕನ್ನಡಿಯಲ್ಲಿ ಎಡ ಬಲ ಅದಲುಬದಲು. ಮುಖ ಪೂರ್ತಿ ಸಮ ಇದ್ದಿದ್ದರೆ ಇದರಿಂದ ಏನೂ ಆಗುತ್ತಿರಲಿಲ್ಲ. ಆದರೆ ಯಾರ ಮುಖವೂ ಹಾಗಿರುವುದಿಲ್ಲ ಅಲ್ವಾ? 1977ರ ಒಂದು ಅಮೆರಿಕನ್ ಪ್ರಯೋಗದಲ್ಲಿ ವಿದ್ಯಾರ್ಥಿನಿಯರಿಗೆ ಅವರದೇ ಫೋಟೊದ ಎರಡು ಪ್ರತಿ ತೋರಿಸಿದರು: ಒಂದು ಇದ್ದಂತೆ, ಒಂದು ಮಗುಚಿದ್ದು. ಹೆಚ್ಚಿನವರು ಕನ್ನಡಿಯಲ್ಲಿ ದಿನಾ ಕಾಣುವ ಮಗುಚಿದ ಮುಖವನ್ನೇ ಆರಿಸಿದರು. ಅವರ ಗೆಳತಿಯರಿಗೆ ಇಷ್ಟವಾದದ್ದು ಮಗುಚದ ಪ್ರತಿ. ಮನೆಯವರೆಲ್ಲ ಚೆನ್ನಾಗಿದೆ ಎಂದ ಭಾವಚಿತ್ರವನ್ನು, ಅದರಲ್ಲಿರುವವರೇ 'ಇದು ನಾನಲ್ಲ' ಅಂದರೆ, ಅದನ್ನು ಒಮ್ಮೆ ಮಗುಚಿ ತೋರಿಸಿ ನೋಡಿ.