ಶೇ 80ಕ್ಕಿಂತ ಶೇ 59 ಮೇಲಾಗುವುದು ಯಾವಾಗ?

ಮಗು ಐದನೇ ತರಗತಿ ಮುಗಿಸುವ ಹೊತ್ತಿಗೆ ಪೋಷಕರು ಒಂದು ಪಟ್ಟಿ ಹಿಡಿದು ಬರುತ್ತಾರೆ. ದೊಡ್ಡ ನಗರವೊಂದರ ಸರ್ಕಾರಿ ಮಾಧ್ಯಮಿಕ ಶಾಲೆಗಳ ಹೆಸರು, ಎದುರಿಗೆ ಪಾಸಾದವರ ಶೇಕಡಾವಾರು. ‘ಮೊದಲ ಐದರಲ್ಲಿ ಯಾವುದು ಸಿಕ್ಕರೂ ಸರಿ ತಾನೇ?’ ಎಂಬುದು ಪ್ರಶ್ನೆ. ಶಾಲೆಗಳ ಫಲಿತಾಂಶ ಅಳೆಯುವುದೇ ಕಸುಬಾಗಿರುವ ನನಗೆ ಆ ಪಟ್ಟಿಯಲ್ಲಿ ಶಾಲೆಗಿಂತ ಮೊದಲು ಕಾಣುವುದು ಅಲ್ಲಿಗೆ ಬರುವ ಮಕ್ಕಳ ಮನೆ.

ಒಂದು ಲೆಕ್ಕ ಹಾಕಿ ನೋಡೋಣ. ಎರಡು ಶಾಲೆ, ತಲಾ 100 ಮಕ್ಕಳು. ಮೊದಲನೆಯದರಲ್ಲಿ 80 ಮಕ್ಕಳಿಗೆ ಮನೆಯಲ್ಲಿ ಓದಿಸುವವರಿದ್ದಾರೆ, ಅವರಲ್ಲಿ 72 ಮಂದಿ ಪಾಸು. ಓದಿಸುವವರಿಲ್ಲದ 20 ಮಕ್ಕಳಲ್ಲಿ 8 ಮಂದಿ ಪಾಸು. ಒಟ್ಟು ಶೇ 80. ಎರಡನೆಯದರಲ್ಲಿ ಓದಿಸುವವರಿರುವ ಮಕ್ಕಳು ಬರೀ 20, ಅವರಲ್ಲಿ 19 ಪಾಸು. ಉಳಿದ 80ರಲ್ಲಿ 40 ಪಾಸು. ಒಟ್ಟು ಶೇ 59. ಪಟ್ಟಿಯಲ್ಲಿ ಎರಡನೆಯ ಶಾಲೆ ಪಾತಾಳದಲ್ಲಿರುತ್ತದೆ. ಆದರೆ ಗುಂಪುವಾರು ನೋಡಿ: ಓದಿಸುವವರಿರುವ ಮಕ್ಕಳಲ್ಲಿ ಅಲ್ಲಿ ಶೇ 90, ಇಲ್ಲಿ ಶೇ 95. ಇಲ್ಲದವರಲ್ಲಿ ಅಲ್ಲಿ ಶೇ 40, ಇಲ್ಲಿ ಶೇ 50. ನಿಮ್ಮ ಮಗು ಯಾವ ಗುಂಪಿನದಾದರೂ ಎರಡನೆಯ ಶಾಲೆಯೇ ಮೇಲು. ಸಂಖ್ಯಾಶಾಸ್ತ್ರದವರು ಇದನ್ನು ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ಇದನ್ನು ಹಾಳೆಯ ಮೇಲೆ ಬಿಡಿಸಿ ತೋರಿಸಿದರೂ ಪೋಷಕರು ಒಮ್ಮೆ ತಾವೇ ಕೂಡಿ ಕಳೆದು ನೋಡುತ್ತಾರೆ. ನೋಡಲೇಬೇಕು.

ಮನೆಯ ಪ್ರಭಾವ ಇಷ್ಟು ದೊಡ್ಡದೇ ಎಂಬ ಅನುಮಾನ ಹಳೆಯದು. ಅಮೆರಿಕದಲ್ಲಿ 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ನೇತೃತ್ವದ ತಂಡ ಸುಮಾರು 6 ಲಕ್ಷ ಮಕ್ಕಳ ಸಮೀಕ್ಷೆ ಮಾಡಿತು. ಅಂಕಗಳ ವ್ಯತ್ಯಾಸದಲ್ಲಿ ಕಟ್ಟಡ, ಗ್ರಂಥಾಲಯಗಳಿಗಿಂತ ಕುಟುಂಬದ ಹಿನ್ನೆಲೆಯ ಪಾಲೇ ಹೆಚ್ಚು ಎಂದು ಆ ವರದಿ ಹೇಳಿತು. ಹಾಗಾದರೆ ಶಾಲೆಯಿಂದ ಏನೂ ಆಗುವುದಿಲ್ಲವೇ? ಆಗುತ್ತದೆ. ಆದರೆ ಅದನ್ನು ಹಿಡಿಯಬೇಕಾದರೆ ಮಗು ಎಲ್ಲಿದೆ ಎಂದಷ್ಟೇ ಕೇಳಿದರೆ ಸಾಲದು, ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂದು ಕೇಳಬೇಕು.

ಮಾಧ್ಯಮಿಕ ಶಾಲೆಯ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಆರನೇ ತರಗತಿಯ ಮಗು ಪರೀಕ್ಷೆಯಲ್ಲಿ ಭಿನ್ನರಾಶಿ ಸರಿಯಾಗಿ ಮಾಡಿದರೆ ಅದರ ಯಶಸ್ಸಿನಲ್ಲಿ ಹೆಚ್ಚಿನ ಪಾಲು ಹಿಂದಿನ ಪ್ರಾಥಮಿಕ ಶಾಲೆಯದು. ಹಾಗಾಗಿ ನಾನು ಆರನೆಯದರ ಅಂಕವನ್ನು ಪಕ್ಕಕ್ಕಿಟ್ಟು, ಅದೇ ಮಕ್ಕಳು ಎಂಟನೆಯದಕ್ಕೆ ಬಂದಾಗ ಎಷ್ಟು ಮುಂದೆ ಹೋಗಿದ್ದಾರೆ ಎಂದು ನೋಡುತ್ತೇನೆ. ಇಂಗ್ಲೆಂಡಿನಲ್ಲಿ 2016ರಲ್ಲಿ ಬಂದ ‘ಪ್ರೋಗ್ರೆಸ್ 8’ ಅಳತೆಯೂ ಇದೇ ಜಾಡಿನದು. 11ನೇ ವಯಸ್ಸಿನಲ್ಲಿ ಸಮನಾಗಿದ್ದ ಮಕ್ಕಳನ್ನು 16ನೇ ವಯಸ್ಸಿನಲ್ಲಿ ಅದು ಹೋಲಿಸುತ್ತದೆ.

ಇದಕ್ಕೂ ಒಂದು ಕಂಟಕವಿದೆ. ಪ್ರಗತಿ ಎಂದರೆ ಎರಡು ಪರೀಕ್ಷೆಗಳ ನಡುವಿನ ಅಂತರ. ಎರಡರ ಏರುಪೇರೂ ಅದರಲ್ಲಿ ಸೇರಿಕೊಳ್ಳುತ್ತದೆ. ನ್ಯೂಯಾರ್ಕ್ ನಗರ 2007ರಿಂದ ಶಾಲೆಗಳಿಗೆ ‘ಎ’ಯಿಂದ ‘ಎಫ್’ವರೆಗೆ ಶ್ರೇಣಿ ಕೊಡತೊಡಗಿತು. ಅದರಲ್ಲಿ ಪ್ರಗತಿಗೇ ಹೆಚ್ಚು ತೂಕ. 2009ರಲ್ಲಿ ಶೇ 80ಕ್ಕೂ ಹೆಚ್ಚು ಪ್ರಾಥಮಿಕ, ಮಾಧ್ಯಮಿಕ ಶಾಲೆಗಳಿಗೆ ‘ಎ’ ಬಂತು! ಎಲ್ಲರೂ ಮೊದಲಿಗರಾದ ಮೇಲೆ ಹೋಲಿಸುವುದು ಏನನ್ನು? ಮರುವರ್ಷ ರಾಜ್ಯ ಸರ್ಕಾರ ಪ್ರಾವೀಣ್ಯದ ಗೆರೆಯನ್ನು, ಅಂದರೆ ಮಗುವಿಗೆ ವಿಷಯ ಬರುತ್ತದೆ ಎನ್ನಲು ಬೇಕಾದ ಕನಿಷ್ಠ ಅಂಕವನ್ನು, ಮೇಲಕ್ಕೆತ್ತಿತು. ಗಣಿತದಲ್ಲಿ ಆ ಗೆರೆ ದಾಟಿದ ನಗರದ ಮಕ್ಕಳ ಪ್ರಮಾಣ ಶೇ 82ರಿಂದ ಶೇ 54ಕ್ಕೆ ಬಿತ್ತು. ಮಕ್ಕಳು ಒಂದೇ ವರ್ಷದಲ್ಲಿ ಅಷ್ಟು ದಡ್ಡರಾಗಲಿಲ್ಲ, ಸರಿದದ್ದು ಗೆರೆ. ಆ ಶ್ರೇಣಿ ಪದ್ಧತಿಯನ್ನು 2014ರಲ್ಲಿ ಕೈಬಿಟ್ಟರು.

ಗೆರೆ ಇದ್ದಲ್ಲಿ ಅದರ ಅಂಚಿನ ಮಕ್ಕಳಿಗೇ ತಾಲೀಮು ಕೊಡುವ ಚಾಳಿಯೂ ಇರುತ್ತದೆ. ತೀರಾ ಹಿಂದಿರುವವರನ್ನು ಕೈಬಿಟ್ಟರೂ, ಮುಂದಿರುವವರನ್ನು ಸುಮ್ಮನೆ ಕೂರಿಸಿದರೂ ಶೇಕಡಾವಾರಿಗೆ ಪೆಟ್ಟಿಲ್ಲ. ಹೀಗಾಗಿ ಶೇಕಡಾವಾರಿನ ಜೊತೆ ಸರಾಸರಿ ಅಂಕವನ್ನೂ ಕೇಳಿ. ಶಾಲೆ ಚಿಕ್ಕದಾದರೆ ಮೂರು ವರ್ಷಗಳ ಅಂಕಿ ಒಟ್ಟಿಗೆ ನೋಡಿ. 30 ಮಕ್ಕಳ ತರಗತಿಯಲ್ಲಿ ಇಬ್ಬರಿಗೆ ಪರೀಕ್ಷೆಯ ದಿನ ಜ್ವರ ಬಂದರೆ ಫಲಿತಾಂಶ ಸುಮಾರು 7 ಅಂಶ ಕುಸಿಯಬಹುದು. ಪಟ್ಟಿಯ ತುದಿಯಲ್ಲೂ ತಳದಲ್ಲೂ ಚಿಕ್ಕ ಶಾಲೆಗಳೇ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ.

ನನಗೆ ಅಂಕಕ್ಕಿಂತ ನಂಬಿಕೆ ಇರುವುದು ಹಾಜರಿಯ ಮೇಲೆ, ಅದೂ ಸರಾಸರಿ ಹಾಜರಿಯ ಮೇಲಲ್ಲ. ಸರಾಸರಿ ಶೇ 93 ಎಂದರೆ ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಅದರೊಳಗೆ ವಾರಗಟ್ಟಲೆ ಬಾರದ ಮಕ್ಕಳು ಅಡಗಿರಬಹುದು. ಶೇ 10ಕ್ಕಿಂತ ಹೆಚ್ಚು ದಿನ, ಅಂದರೆ 180 ದಿನಗಳ ವರ್ಷದಲ್ಲಿ 18ಕ್ಕಿಂತ ಹೆಚ್ಚು ದಿನ, ತಪ್ಪಿಸಿಕೊಂಡವರು ಎಷ್ಟು ಮಂದಿ ಎಂದು ಕೇಳಿ. ಹನ್ನೊಂದು ಹನ್ನೆರಡರ ಹುಡುಗ ಹುಡುಗಿಯರಿಗೆ ಶಾಲೆ ಬೇಡವಾದರೆ ಅದು ಮೊದಲು ಕಾಣಿಸುವುದು ಈ ಅಂಕಿಯಲ್ಲಿ.

ಶಾಲೆಗೆ ಹೋದಾಗ ಪ್ರಯೋಗಾಲಯ ತೋರಿಸುತ್ತಾರೆ, ನೋಡಿ ಬನ್ನಿ. ಪಿರಿಯಡ್ ಬದಲಾಗುವ ಐದು ನಿಮಿಷ ಮಾತ್ರ ಕಾರಿಡಾರಿನಲ್ಲೇ ನಿಂತಿರಿ. ತಳ್ಳಾಟ ಎಷ್ಟು, ಶಿಕ್ಷಕರು ಬಾಗಿಲಲ್ಲಿದ್ದಾರೋ ಸ್ಟಾಫ್ ರೂಮಿನಲ್ಲೋ ಗೊತ್ತಾಗುತ್ತದೆ. ಆಮೇಲೆ ಮುಖ್ಯ ಶಿಕ್ಷಕರನ್ನು ಕೇಳಿ: ಕಳೆದ ವರ್ಷ ಎಷ್ಟು ಶಿಕ್ಷಕರು ಬಿಟ್ಟು ಹೋದರು? ಈಗಿನ ಏಳನೆಯವರಿಗೆ ಇಡೀ ವರ್ಷ ಗಣಿತ ಹೇಳಿಕೊಟ್ಟವರು ಒಬ್ಬರೇನಾ, ಮೂವರಾ?