ಗುಳಗಿಯ ಮೇಲಿನ ಅಪವಾದ

"ಶುಗರ್ ಗುಳಗಿ ಭಾಳ ವರ್ಷ ತಗೊಂಡ್ರ ಕಿಡ್ನಿ ಹೋಗ್ತಾವಂತಲ್ರಿ ಸರ?" ಹುಬ್ಬಳ್ಳಿ-ಧಾರವಾಡದ ಯಾವ ವೈದ್ಯರನ್ನು ಬೇಕಾದರೂ ಕೇಳಿ, ಈ ಪ್ರಶ್ನೆ ಅವರ ಕಿವಿಗೆ ಬಿದ್ದೇ ಇರುತ್ತದೆ. ನನ್ನನ್ನಂತೂ ಮದುವೆ ಊಟದ ಪಂಕ್ತಿಯಲ್ಲೂ ಬಿಟ್ಟಿಲ್ಲ. ನನ್ನ ಕಸುಬೇ ಇದು: ಯಾರು ಯಾವ ಔಷಧಿಯನ್ನು ಎಷ್ಟು ಕಾಲ ತೆಗೆದುಕೊಂಡರು, ಮುಂದೆ ಅವರಿಗೆ ಯಾವ ಕಾಯಿಲೆ ಬಂತು, ಇವೆರಡಕ್ಕೂ ನಂಟುಂಟೋ ಇಲ್ಲವೋ ಎಂದು ಲೆಕ್ಕ ಹಾಕುವುದು. ರೋಗಿಗಳ ನಾಡಿಗಿಂತ ಅವರ ಚೀಟಿಗಳನ್ನು ಹಿಡಿದು ಕೂತದ್ದೇ ಹೆಚ್ಚು.

ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಡಯಾಲಿಸಿಸ್‌ಗೆ ಬಂದು ಕೂತವರನ್ನು ಮಾತನಾಡಿಸಿ ನೋಡಿ, ಹತ್ತು-ಹದಿನೈದು ವರ್ಷ ಶುಗರ್ ಗುಳಗಿ ನುಂಗಿದವರು ಎಷ್ಟೋ ಜನ ಸಿಗುತ್ತಾರೆ. ಕಣ್ಣಿಗೆ ಕಾಣುವುದು ಗುಳಗಿ. ಅಷ್ಟೂ ವರ್ಷ ರಕ್ತದಲ್ಲಿ ಏರಿ ಕೂತ ಸಕ್ಕರೆ ಯಾರಿಗೂ ಕಾಣುವುದಿಲ್ಲ. ಮೂತ್ರಪಿಂಡದಲ್ಲಿ ರಕ್ತ ಸೋಸುವ ಸಣ್ಣ ನಾಳಗಳನ್ನು ಕೆಡಿಸುವುದು ಆ ಸಕ್ಕರೆ, ಅದರ ಬೆನ್ನಿಗೆ ಬಿ.ಪಿ. ಕಾಯಿಲೆ ಜೋರಾದವರಿಗೇ ವೈದ್ಯರು ಹೆಚ್ಚು ಗುಳಗಿ ಬರೆಯುತ್ತಾರೆ, ಕಿಡ್ನಿ ಕೆಡುವುದೂ ಅವರದೇ ಹೆಚ್ಚು. ಎರಡೂ ಒಟ್ಟಿಗೆ ಬಂದವೆಂದು ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ.

ಇದಕ್ಕೆ ಮತ್ತೊಂದು ಎಳೆ ಸೇರುತ್ತದೆ. ಮೆಟ್‌ಫಾರ್ಮಿನ್ ಎಂಬ ಶುಗರ್ ಗುಳಗಿ ದೇಹದಿಂದ ಹೊರಗೆ ಹೋಗುವುದು ಮೂತ್ರಪಿಂಡದ ಮೂಲಕವೇ. ರಕ್ತಪರೀಕ್ಷೆಯ ವರದಿಯಲ್ಲಿ ಇ-ಜಿಎಫ್‌ಆರ್ ಎಂದಿರುತ್ತದಲ್ಲ, ಸೋಸುವ ಶಕ್ತಿಯ ಅಳತೆ, ಅದು 45ಕ್ಕಿಂತ ಇಳಿದರೆ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ. 30ಕ್ಕಿಂತ ಇಳಿದರೆ ಗುಳಗಿಯನ್ನೇ ನಿಲ್ಲಿಸುತ್ತಾರೆ. ಔಷಧಿ ಹೊರಹೋಗದೆ ಉಳಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯವಿದೆ, ಅದಕ್ಕೆ. ಆದರೆ ಮನೆಯವರು ಕಂಡದ್ದು ಇಷ್ಟು: "ಕಿಡ್ನಿ ಕೆಟ್ಟಾವ ಅಂದ್ರು, ಆ ಗುಳಗಿ ಬಂದ್ ಮಾಡ್ಸಿದ್ರು." ಓಣಿಯಲ್ಲಿ ತೀರ್ಪು ಆಗಿಹೋಯಿತು.

ನಿಜವಾದ ಲೆಕ್ಕ ಬೇರೆಯೇ ಹೇಳುತ್ತದೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ 1998ರಲ್ಲಿ ಫಲಿತಾಂಶ ಕೊಟ್ಟ ಯುಕೆಪಿಡಿಎಸ್ ಎಂಬ ಸಕ್ಕರೆ ಕಾಯಿಲೆಯ ಅಧ್ಯಯನದಲ್ಲಿ, ಸಕ್ಕರೆಯನ್ನು ಔಷಧಿಯಿಂದ ಬಿಗಿಯಾಗಿ ಹಿಡಿದಿಟ್ಟವರಲ್ಲಿ ಕಣ್ಣು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳ ತೊಂದರೆ ಶೇ. 25ರಷ್ಟು ಕಡಿಮೆಯಾಯಿತು. ಅಪವಾದಕ್ಕೆ ಹೆದರಿ ಗುಳಗಿ ಬಿಟ್ಟು, ಹಾಗಲಕಾಯಿ ರಸವೊಂದನ್ನೇ ನಂಬಿ ಕೂತವರಿಗೆ ಈ ಮಾತು ತಲುಪುವುದೇ ಇಲ್ಲ.

ನನಗೆ ಹೆಚ್ಚು ಸಂಕಟ ತರುವುದು ಇದಲ್ಲ. ಕಿಡ್ನಿಗೆ ನಿಜಕ್ಕೂ ಪೆಟ್ಟು ಕೊಡಬಲ್ಲ ಗುಳಗಿ ನಮ್ಮ ಜನರ ಲೆಕ್ಕದಲ್ಲಿ ಔಷಧಿಯೇ ಅಲ್ಲ.

ಬ್ಯಾಡಗಿ ಕಡೆ ಮೆಣಸಿನಕಾಯಿ ಹಂಗಾಮಿನಲ್ಲಿ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆವರೆಗೆ ನೆಲಕ್ಕೆ ಕೂತು ತೊಟ್ಟು ಬಿಡಿಸುತ್ತಾರೆ. ಅಂಥವರ ಮನೆಗೆ ಹೋಗಿ "ಏನೇನ್ ಗುಳಗಿ ತಗೋತೀರಿ ಯವ್ವಾ?" ಎಂದು ಕೇಳಿದರೆ ಬರುವ ಉತ್ತರ, "ಬಿ.ಪಿ.ದು ಒಂದ ನೋಡ್ರಿ." ಅಲ್ಲಿಗೇ ಬರೆದುಕೊಂಡು ಎದ್ದರೆ ಅಧ್ಯಯನ ಕೆಟ್ಟಂತೆ. "ನಡಾ ನೋವಿಗೆ?" ಎಂದು ಮತ್ತೆ ಕೇಳಬೇಕು. "ಅದಕ್ಕ ದಿನಾ ಸಂಜೀಕೆ ಅಂಗಡ್ಯಾಗಿಂದ ಒಂದ್ ತರ್ತೀನ್ರಿ. ಅದೇನ್ ಔಷಧಾನ ಬಿಡ್ರಿ!" ಗೂಡಿನಲ್ಲಿಟ್ಟ ಪ್ಲಾಸ್ಟಿಕ್ ಚೀಲ ತೆಗೆಸಿ ಸುರಿದರೆ, ಎರಡೆರಡು ಗುಳಗಿಯಂತೆ ಕತ್ತರಿಸಿದ ಪಟ್ಟಿಯ ತುಂಡುಗಳು. ಹೆಸರಿನ ತಲೆ ಅಂಗಡಿಯಲ್ಲಿ ಉಳಿದಿದೆ, ಕೈಗೆ ಬಂದದ್ದು "ಫೆನಾಕ್" ಎಂಬ ಬಾಲ. ಅವಧಿ ಮುಗಿಯುವ ತಿಂಗಳು ಕತ್ತರಿಗೆ ಹೋಗಿದೆ. ಪೇಟೆಯಲ್ಲಿ ಹೆಚ್ಚು ಓಡುವ ನೋವಿನ ಗುಳಗಿಗಳನ್ನು ಒಂದು ರಟ್ಟಿಗೆ ಅಂಟಿಸಿಕೊಂಡು ಹೋಗಿ, "ಇದರಾಗ ಯಾವದು ತೋರಸ್ರಿ" ಎನ್ನುವುದು ನಾವು ಕಂಡುಕೊಂಡ ಉಪಾಯ. ಬಣ್ಣ ನೋಡಿ ಥಟ್ಟನೆ ಬೆರಳಿಡುತ್ತಾರೆ.

ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ಒಂದೇ ಕುಲದವು. ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗದಂತೆ ತಡೆದು ನೋವು ಇಳಿಸುತ್ತವೆ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ತೆರೆದಿಡುವುದೂ ಅದೇ ರಾಸಾಯನಿಕ. ಏಪ್ರಿಲ್ ಬಿಸಿಲು, ಕುಡಿದ ನೀರು ಕಡಿಮೆ, ಬಿ.ಪಿ.ಗೆಂದು ಟೆಲ್ಮಿಸಾರ್ಟನ್, ಜತೆಗೆ ಮೂತ್ರ ಹೆಚ್ಚಿಸುವ ಗುಳಗಿ. ಇದರ ಮೇಲೆ ದಿನಕ್ಕೊಂದು ನೋವಿನ ಗುಳಗಿ ಬಿದ್ದರೆ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಏರುವುದಕ್ಕೆ ಇನ್ನೇನೂ ಬೇಕಿಲ್ಲ. ಪ್ಯಾರಾಸಿಟಮಾಲ್ ಈ ಕುಲದ್ದಲ್ಲ. ಆದರೆ ಅಸಿಕ್ಲೋಫೆನಾಕ್ ಜತೆ ಅದನ್ನು ಬೆರೆಸಿದ ಗುಳಗಿಗಳು ಧಾರಾಳ ಮಾರಾಟವಾಗುತ್ತವೆ. "ಬರೇ ಪ್ಯಾರಾಸಿಟಮಾಲ್ ರೀ" ಎಂದರೆ ನಾನು ಪಟ್ಟಿ ನೋಡದೆ ನಂಬುವುದಿಲ್ಲ.

ಶುಗರ್ ಗುಳಗಿಗೆ ಕೊಟ್ಟ ನ್ಯಾಯವನ್ನು ನೋವಿನ ಗುಳಗಿಗೂ ಕೊಡಬೇಕಲ್ಲ. ನೋವಿರುವವರು ನೋವಿಲ್ಲದವರಂತೆ ಇರುವುದಿಲ್ಲ: ವಯಸ್ಸು, ತೂಕ, ದುಡಿಮೆ ಎಲ್ಲ ಬೇರೆ. ಡೆನ್ಮಾರ್ಕಿನವರು 2018ರಲ್ಲಿ ಡೈಕ್ಲೋಫೆನಾಕ್ ಮತ್ತು ಹೃದಯದ ಅಪಾಯದ ಬಗ್ಗೆ ಮಾಡಿದ ಲೆಕ್ಕವನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ತೋರಿಸುತ್ತೇನೆ. ಆ ಗುಳಗಿ ಶುರು ಮಾಡಿದವರಲ್ಲಿ ಮೊದಲ 30 ದಿನ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು, ಏನೂ ಶುರು ಮಾಡದವರಿಗಿಂತ ಶೇ. 50ರಷ್ಟು ಹೆಚ್ಚು ಕಂಡವು. ಪ್ಯಾರಾಸಿಟಮಾಲ್ ಶುರು ಮಾಡಿದವರ ಪಕ್ಕ ಇಟ್ಟು ನೋಡಿದರೆ ಹೆಚ್ಚಳ ಶೇ. 20. ನೋವಿದ್ದವರನ್ನು ನೋವಿದ್ದವರ ಜತೆಗೇ ತೂಗಿದಾಗ ಅಂತರ ಇಳಿಯಿತು, ಆದರೆ ಮಾಯವಾಗಲಿಲ್ಲ. ಆ ಉಳಿದ ಶೇ. 20ರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕು. ಅದನ್ನೂ ಅಳೆದೇ ನೋಡಬೇಕು: ಸಾವಿರಕ್ಕೆ ಒಬ್ಬರಿಗೆ ಬರುವ ತೊಂದರೆ ಶೇ. 20 ಏರಿತೆಂದರೆ ಹತ್ತು ಸಾವಿರದಲ್ಲಿ ಹತ್ತರ ಬದಲು ಹನ್ನೆರಡು ಜನ. ಪತ್ರಿಕೆಯ ತಲೆಬರಹಕ್ಕೆ ಸಿಗುವುದು ಆ ಶೇಕಡಾ ಅಂಕಿಯೊಂದೇ.

ಡೆನ್ಮಾರ್ಕಿನಲ್ಲಿ ಯಾರು ಯಾವ ಔಷಧಿ ಕೊಂಡರೆಂಬುದು ಅವರ ನಾಗರಿಕ ಸಂಖ್ಯೆಯ ಜತೆ 1990ರ ದಶಕದ ನಡುವಿನಿಂದ ದಾಖಲಾಗುತ್ತಿದೆ. ಕಂಪ್ಯೂಟರ್ ಮುಂದೆ ಕೂತು ಇಡೀ ದೇಶವನ್ನು ಓದಬಹುದು. ನಮಗೆ ಗೂಡಿನ ಚೀಲವೇ ಗತಿ. 2013ರ ಜೂನ್‌ನಲ್ಲಿ ಮೂತ್ರಕೋಶದ ಕ್ಯಾನ್ಸರ್ ಭಯದಿಂದ ಪಯೋಗ್ಲಿಟಾಜೋನ್ ಎಂಬ ಶುಗರ್ ಗುಳಗಿಯನ್ನು ನಮ್ಮ ದೇಶದಲ್ಲಿ ನಿಲ್ಲಿಸಿದರು. ಜುಲೈ ಕೊನೆಗೆ ಎಚ್ಚರಿಕೆಯ ಮಾತು ಸೇರಿಸಿ ಮತ್ತೆ ಬಿಟ್ಟರು. ಇಂಥ ನಿರ್ಧಾರಕ್ಕೆ ನಮ್ಮದೇ ರೋಗಿಗಳ ದೀರ್ಘಕಾಲದ ದಾಖಲೆ ಇರಬೇಕು ಎಂಬುದು ಆಗಲೂ ನನ್ನ ವಾದ, ಈಗಲೂ ಅದೇ.

2010ರಲ್ಲಿ ಶುರುವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಗುಳಗಿಯಿಂದ ತೊಂದರೆಯಾಯಿತು ಎನ್ನಿಸಿದರೆ ರೋಗಿಗಳೇ 1800-180-3024ಕ್ಕೆ ಕರೆ ಮಾಡಿ ಹೇಳಬಹುದು, ದುಡ್ಡು ಬೀಳುವುದಿಲ್ಲ. ಗುಳಗಿಯ ಹೆಸರು ಗೊತ್ತಿದ್ದರೆ ಆ ವರದಿಗೆ ತೂಕ. ಆದ್ದರಿಂದ ಮೆಡಿಕಲ್ ಅಂಗಡಿಯವರಲ್ಲಿ ನನ್ನ ಕೋರಿಕೆ ಒಂದೇ: ಎರಡೇ ಗುಳಗಿ ಕೊಡುವುದಾದರೂ ಪುಡಿಕೆಯ ಮೇಲೆ ಹೆಸರು, ಅವಧಿ ಮುಗಿಯುವ ತಿಂಗಳು ಬರೆದುಕೊಡಿ. ಆಸ್ಪತ್ರೆಗೆ ಹೊರಟವರು ಆ ಪುಡಿಕೆಯನ್ನೂ ಶುಗರ್ ಗುಳಗಿ, ಬಿ.ಪಿ. ಗುಳಗಿಯ ಜತೆ ಚೀಲದಲ್ಲಿ ಹಾಕಿಕೊಳ್ಳಿ, "ಅದೇನ್ ಔಷಧಾನ" ಎಂದು ಮನೆಯಲ್ಲಿ ಬಿಡಬೇಡಿ.